ವರಹದ ಹಿಮ್ಮುಖ: ನಾಣ್ಯಸಂಗ್ರಾಹಕರಲ್ಲಿ ಒಂದು ಅರಿಕೆ

ಭದ್ರಾವತಿಯ ಪರಿಚಿತರೊಬ್ಬರು ಕೆಲವು ಕಾಲದ ಹಿಂದೆ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದರು. ಅವರ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಪುಟ್ಟ ಹೊನ್ನಿನ ನಾಣ್ಯ; ಅದರ ಮೇಲೆ ಕುಳಿತ ಭಂಗಿಯಲ್ಲಿ ಶಿವಪಾರ್ವತಿಯರು. "ಇದು ಯಾರ ಕಾಲದ್ದು ಸಾರ್?" ಎಂದು ಕೇಳಿದರು. ಹಿಂಬದಿಯ ಚಿತ್ರವಿದೆಯೇ ಎಂದೆ. ಇರಲಿಲ್ಲ. ದೇವರಿದ್ದ ಬದಿಯನ್ನು ಮಾತ್ರ ಭಕ್ತಿಯಿಂದ ತೆಗೆದಿಟ್ಟುಕೊಂಡಿದ್ದರು. ನಾಣ್ಯವನ್ನೇ ಒಮ್ಮೆ ತನ್ನಿ ಎಂದಾಗ ಅವರು ತಲೆ ತಗ್ಗಿಸಿದರು. ಮಗಳ ಮದುವೆಯ ವೇಳೆಗೆ ಅದು ಮನೆಯ ಹಳೆಯ ಚಿನ್ನದೊಡನೆ ಕರಗಿ ಬಳೆಯಾಗಿತ್ತು. ಅವರ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಕೊಡಲಾರೆ.

ಏಕೆ ಕೊಡಲಾರೆ ಎಂಬುದನ್ನು ವಿವರಿಸಬೇಕು. ಉಮಾಮಹೇಶ್ವರರ ಮುಮ್ಮುಖವುಳ್ಳ ಹೊನ್ನಿನ ನಾಣ್ಯಗಳನ್ನು ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿಯೇ ಕಾಣುತ್ತೇವೆ. ಕೆಳದಿಯ ಸದಾಶಿವನಾಯಕನ ಹೆಸರಿನ ವರಹವೂ ಅದೇ ಮಾದರಿಯದು. ಅದರ ಹಿಮ್ಮುಖದಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ' ಎಂದಿರುತ್ತದೆ. ರಾಜಧಾನಿ ಬಿದನೂರಿಗೆ ಸರಿದ ಮೇಲೂ ವ್ಯಾಪಾರಿಗಳ ಬಾಯಲ್ಲಿ ಅದು 'ಇಕ್ಕೇರಿ ವರಹ'ವಾಗಿಯೇ ಉಳಿಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಅಚ್ಚೊತ್ತಿಸಿದನು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಮುಮ್ಮುಖ ಅದೇ. ಹಿಮ್ಮುಖ ಮಾತ್ರ 'ಶ್ರೀ ಕೃಷ್ಣರಾಜ' ಎಂದಾಯಿತು. ಈ ಸಾಲಿನ ಪೂರ್ಣ ವರಹಗಳು ಸುಮಾರು 3.4 ಗ್ರಾಂ ತೂಕದವು. ದೇವರು ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ದೊರೆ ಯಾರೆಂಬುದನ್ನು ಹೇಳುವುದು ಹಿಮ್ಮುಖ. ಮೊಬೈಲಿನ ಆ ಚಿತ್ರದಲ್ಲಿ ಇಲ್ಲದಿದ್ದುದು ಅದೇ.

ಇಂದು ನಾಣ್ಯಸಂಗ್ರಹದ ಹವ್ಯಾಸ ನಮ್ಮ ಶಿವಮೊಗ್ಗದಲ್ಲಿಯೂ ಬೆಳೆದಿದೆ. ನಗರದ ಹೊರವಲಯದ ಲಕ್ಕಿನಕೊಪ್ಪದಲ್ಲಿ ಎಚ್. ಖಂಡೋಬರಾವ್ ಅವರು ಕಟ್ಟಿದ 'ಅಮೂಲ್ಯ ಶೋಧ' ಸಂಗ್ರಹಾಲಯ, ಒಬ್ಬ ವ್ಯಕ್ತಿಯ ಆಸಕ್ತಿ ಊರಿನ ಆಸ್ತಿಯಾಗಬಲ್ಲದೆಂಬುದಕ್ಕೆ ಸಾಕ್ಷಿಯಾಗಿದೆ. ಆದರೆ ಹೊಸ ಸಂಗ್ರಾಹಕರು ಮೊದಲು ಕೇಳುವ ಪ್ರಶ್ನೆ ಈಗ 'ಗ್ರೇಡ್ ಎಷ್ಟು?' ಎಂಬುದು. ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಅಂಕಕ್ರಮವೇ ಇಂದು ಜಗತ್ತಿನ ನಾಣ್ಯಪೇಟೆಯನ್ನು ಆಳುತ್ತಿದೆ. ಸವೆತವಿಲ್ಲದ ನಾಣ್ಯಕ್ಕೆ ಹೆಚ್ಚು ಅಂಕ, ಹೆಚ್ಚು ಬೆಲೆ. ಅಂಕ ಪಡೆದುದನ್ನು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಹಾಕಿ ಕೊಡುತ್ತಾರೆ. ನಕಲಿ ನಾಣ್ಯಗಳು ಹೆಚ್ಚಿರುವ ಈ ದಿನಗಳಲ್ಲಿ ಕೊಳ್ಳುವವನಿಗೆ ಇದರಿಂದ ರಕ್ಷಣೆ ಉಂಟು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ವರಹಗಳು ಯಂತ್ರದಿಂದ ಹುಟ್ಟಿದವಲ್ಲ. ಚಿಕ್ಕ ಬಿಲ್ಲೆಯ ಮೇಲೆ ದೊಡ್ಡ ಅಚ್ಚನ್ನಿಟ್ಟು ಕೈಯಿಂದ ಹೊಡೆದಾಗ ಅಕ್ಷರಗಳ ಒಂದು ಭಾಗ ಅಂಚಿನಾಚೆ ಹೋಗುವುದು ಸಹಜ. ಅದನ್ನು ದೋಷವೆಂದು ಎಣಿಸುವವನು ಕಮ್ಮಟದ ಕೆಲಸವನ್ನೇ ಅರಿತಿಲ್ಲವೆನ್ನಬೇಕು.

ಸವೆತವೂ ಇತಿಹಾಸಕ್ಕೆ ಒಂದು ಮಾಹಿತಿ. ನಾಣ್ಯ ಎಷ್ಟು ಕೈ ದಾಟಿತೆಂಬುದರ ಸುಳಿವು ಅದರಲ್ಲಿದೆ. ಅದಕ್ಕಿಂತ ದೊಡ್ಡ ಮಾಹಿತಿ, ನಾಣ್ಯ ದೊರೆತ ನೆಲೆ. ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ದೊರೆತಿವೆ. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರಿಗೆ ಸಾತವಾಹನ ಕಾಲದ ಮಡಕೆಗಳಿರುವ ಸ್ತರದ ಕಾಲವನ್ನು ನಿರ್ಣಯಿಸಲು ರೋಮನ್ ನಾಣ್ಯ ಆಧಾರವಾಯಿತು. ಅಂಥದೇ ನಾಣ್ಯವೊಂದು ಯಾವ ಊರಿನದೆಂದು ತಿಳಿಯದೆ ಹರಾಜಿಗೆ ಬಂದರೆ, ಅದಕ್ಕೆ ಎಷ್ಟೇ ಅಂಕ ಬಂದಿದ್ದರೂ ಅದು ನಮ್ಮ ನೆಲದ ಬಗೆಗೆ ಏನನ್ನೂ ಹೇಳಲಾರದು.

ನಾಣ್ಯವನ್ನು ದಾಖಲಿಸುವ ಶಿಸ್ತು ನಮಗೆ ಹೊರಗಿನಿಂದ ಬರಬೇಕಾದುದಲ್ಲ. ದೆಹಲಿಯ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ಶ್ರಾವಕ ಠಕ್ಕುರ ಫೇರು 1318ರಲ್ಲಿ 'ದ್ರವ್ಯಪರೀಕ್ಷಾ' ಎಂಬ ಗ್ರಂಥವನ್ನು ರಚಿಸಿದನು. ತನ್ನ ಕಾಲದಲ್ಲಿ ಕೈಗೆ ಬರುತ್ತಿದ್ದ ನಾನಾ ರಾಜ್ಯಗಳ ನಾಣ್ಯಗಳ ಹೆಸರು, ತೂಕ, ಲೋಹದ ಪ್ರಮಾಣ, ಮೌಲ್ಯಗಳನ್ನು ಅದರಲ್ಲಿ ಕ್ರಮವಾಗಿ ನಿರೂಪಿಸಿದ್ದಾನೆ. ಅಂದದ ಮಾತು ಅಲ್ಲಿಲ್ಲ. ಏಳುನೂರು ವರ್ಷಗಳ ಅನಂತರವೂ ವಿದ್ವಾಂಸರಿಗೆ ಅದು ಉಪಯುಕ್ತವಾಗಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಶಾಸನಗಳಲ್ಲಿ ಬರುವ ಗದ್ಯಾಣ, ಪಣ, ಹಾಗ, ವೀಸಗಳನ್ನು ನಾವು ಅರ್ಥಕೋಶ ನೋಡಿ ದಾಟಿಬಿಡುತ್ತೇವೆ. 'ಲೊಕ್ಕಿಗದ್ಯಾಣ'ವೆಂದರೆ ಲೊಕ್ಕಿಗುಂಡಿಯ, ಎಂದರೆ ಅತ್ತಿಮಬ್ಬೆಯ ಲಕ್ಕುಂಡಿಯ ಕಮ್ಮಟದಲ್ಲಿ ಅಚ್ಚಾದ ನಾಣ್ಯ. ನಾವು ಇಂದು ಕಥೆ, ಕಾವ್ಯಗಳ ಶಿಬಿರಕ್ಕೆ ಇಟ್ಟಿರುವ 'ಕಮ್ಮಟ' ಎಂಬ ಹೆಸರು ಟಂಕಸಾಲೆಯಿಂದಲೇ ಬಂದುದು. ಜಿನಾಲಯಕ್ಕೆ ಬಿಟ್ಟ ದತ್ತಿಯ ಗಾತ್ರ ಅರಿವಾಗಬೇಕಾದರೆ ಆ ಗದ್ಯಾಣವನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿರಬೇಕು.

ಆದುದರಿಂದ ನನ್ನ ಅರಿಕೆ ಇಷ್ಟು. ಶಾಸನದ ಪಡಿಯಚ್ಚು ತೆಗೆಯುವ ಎಚ್ಚರದಿಂದಲೇ ನಾಣ್ಯದ ಚಿತ್ರವನ್ನೂ ತೆಗೆಯಬೇಕು. ಎರಡೂ ಮುಖಗಳು ಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು. ಬೆಳಕು ಒಂದು ಬದಿಯಿಂದ ತಗ್ಗಿನಲ್ಲಿ ಬಿದ್ದರೆ ಸವೆದ ಅಕ್ಷರವೂ ಎದ್ದು ತೋರುತ್ತದೆ. ಮೊಬೈಲಿನ ಫ್ಲ್ಯಾಷ್ ಅದನ್ನು ಅಳಿಸಿಬಿಡುತ್ತದೆ. ಅಕ್ಕಸಾಲೆಯ ತಕ್ಕಡಿಯಲ್ಲಿ ತೂಗಿ ತೂಕವನ್ನು ಬರೆದಿಡಬೇಕು. ಹುಣಸೆಹಣ್ಣು ಹಾಕಿ ತಿಕ್ಕಕೂಡದು. ಯಾವ ಊರಿನಿಂದ, ಯಾರ ಮೂಲಕ ಮನೆಗೆ ಬಂತೆಂಬ ಹಿರಿಯರ ಮಾತನ್ನೂ ದಾಖಲಿಸಬೇಕು. ಗ್ರೇಡಿನ ವಿಚಾರವನ್ನು ಇಷ್ಟಾದ ಮೇಲೆ ನೋಡಿಕೊಳ್ಳಬಹುದು.

ಚಿತ್ರ ತೋರಿಸಿದರೆ ಕಳ್ಳರ ಭಯ, ಕಾನೂನಿನ ಭಯ ಎನ್ನುವವರಿದ್ದಾರೆ. ನೆಲದಲ್ಲಿ ಹುದುಗಿದ್ದು ಹೊಸದಾಗಿ ದೊರೆತ ನಿಧಿಯ ಮೌಲ್ಯ ಹತ್ತು ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ಅದನ್ನು ಮುಚ್ಚಿಡುವುದನ್ನು ನಾನು ಸಮರ್ಥಿಸಲಾರೆ. ತಲೆಮಾರುಗಳಿಂದ ಮನೆಯಲ್ಲಿರುವ ನಾಣ್ಯದ ಮಾತು ಬೇರೆ. ಮನೆಯವರ ಹೆಸರನ್ನು ಬಿಟ್ಟು ತಾಲ್ಲೂಕಿನ ಹೆಸರನ್ನಷ್ಟೇ ಬರೆದುಕೊಂಡರೂ ಸಂಶೋಧಕನಿಗೆ ಸಾಕು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಪೆಟ್ಟಿಗೆಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು.

ಚಿನ್ನದ ಬೆಲೆ ಏರಿದಷ್ಟೂ ಪೆಟ್ಟಿಗೆಯ ಹೊನ್ನು ಕುಲುಮೆಗೆ ಹತ್ತಿರವಾಗುತ್ತದೆ. ಮದುವೆಗೆ ಬಳೆ ಮಾಡಿಸಬೇಡಿ ಎಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ. ಕರಗಿಸುವ ಮುನ್ನ ನಾಣ್ಯವನ್ನು ಒಮ್ಮೆ ಮಗುಚಿ ಹಾಕಿ ಇನ್ನೊಂದು ಚಿತ್ರ ತೆಗೆಯಿರಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.