ಆಟದ ಕೈಪಿಡಿ, ಪರೀಕ್ಷೆಯ ಕೈಪಿಡಿ

ಕಳೆದ ಬೇಸಗೆಯ ಒಂದು ಸಂಜೆ, ಪಾವಗಡ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಧುಗಿರಿಯ ನನ್ನ ಮನೆಗೆ ಬಂದಿದ್ದ. ಈಗ ಅವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಊರ ಸಮಾಚಾರವೆಲ್ಲ ಮುಗಿದ ಮೇಲೆ ಚೀಲದಿಂದ 40 ಹಾಳೆಗಳ ಒಂದು ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟು, “ಮೇಷ್ಟ್ರೇ, ನಮ್ಮ ನೋಟ್ಸನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದಿರಿ. ಇದನ್ನೂ ಓದಿ ಎಷ್ಟು ಅಂಕ ಕೊಡುತ್ತೀರಿ, ಹೇಳಿ” ಎಂದ. ಅದು ಪಾಠದ ಪುಸ್ತಕವಾಗಿರಲಿಲ್ಲ. ಗಣಕಯಂತ್ರದಲ್ಲಿ ಲಕ್ಷಾಂತರ ಜನ ಏಕಕಾಲಕ್ಕೆ ಆಡುವ ಒಂದು ಆಟದಲ್ಲಿ, ಒಂದು ಬಗೆಯ ಪಾತ್ರವನ್ನು ವಹಿಸುವವನು ಹೇಗೆ ನಡೆದುಕೊಳ್ಳಬೇಕೆಂದು ತಿಳಿಸುವ ಇಂಗ್ಲಿಷ್ ಕೈಪಿಡಿ ಅದು. ನಗುತ್ತಲೇ ತೆಗೆದುಕೊಂಡೆ, ಓದಿ ಮುಗಿಸಿದಾಗ ಆ ನಗು ಉಳಿದಿರಲಿಲ್ಲ.

ಇಂಥ ಆಟಗಳ ಮಾತು ನಮ್ಮಲ್ಲಿ ಕೆಲವು ವರ್ಷಗಳಿಂದ ನಡೆದೇ ಇದೆ. ಹಣವನ್ನು ಪಣಕ್ಕೊಡ್ಡುವ ಆನ್‌ಲೈನ್ ಆಟಗಳನ್ನು ತಡೆಯಲೆಂದು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತೇ ಒಂದು ಕಾನೂನನ್ನು ಅಂಗೀಕರಿಸಿ, ಹಣದ ಆಟಗಳನ್ನು ನಿಷೇಧಿಸಿತು. ಕ್ರೀಡೆಯ ರೂಪದ ಆಟಗಳನ್ನೂ ವಿನೋದದ ಆಟಗಳನ್ನೂ ಬೇರೆಯಾಗಿ ಎಣಿಸಿತು. ಈ ಚರ್ಚೆಯೆಲ್ಲ ಹಣವನ್ನೂ ಚಟವನ್ನೂ ಕುರಿತದ್ದು. ಅದು ಬೇಡವೆಂದು ನಾನು ಹೇಳುವುದಿಲ್ಲ. ಸಾಲಮಾಡಿ ಹಾಳಾದ ಮನೆಗಳ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಇನ್ನೊಂದು ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣೆ. ಪಠ್ಯಪುಸ್ತಕದ ಒಂದು ಪುಟವನ್ನು ಓದಲು ಆಕಳಿಸುವ ಹುಡುಗ, ಆಟದ ಕೈಪಿಡಿಯ 40 ಹಾಳೆಗಳನ್ನು, ಅದೂ ಪರಭಾಷೆಯಲ್ಲಿ, ಅಕ್ಷರ ಬಿಡದೆ ಓದುತ್ತಾನೆ. ಅವನು ಓದುವುದೇನು? ಅದರಿಂದ ಅವನ ಬುದ್ಧಿ ಬೆಳೆಯುವುದೇ, ಬಾಗುವುದೇ?

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಹೊರಬಂತು. ಅದರ ಹಳೆಯ ರೂಪವನ್ನು 2019ರ ಆಗಸ್ಟಿನಲ್ಲಿ ಮತ್ತೆ ತೆರೆದರು. ನನ್ನ ಶಿಷ್ಯ ಆಡುವುದು ಈ ಹಳೆಯ ರೂಪವನ್ನು. ನಮ್ಮ ಸೀಮೆಯ ಮೂಡಲಪಾಯದ ಬಯಲಾಟದಲ್ಲಿ ರಾಜವೇಷ, ರಾಕ್ಷಸವೇಷ, ಸ್ತ್ರೀವೇಷಗಳಿರುವ ಹಾಗೆ ಇಲ್ಲಿಯೂ ಪಾತ್ರವರ್ಗಗಳಿವೆ: ಯೋಧ, ಬೇಟೆಗಾರ, ಮಾಂತ್ರಿಕ, ಪೂಜಾರಿ ಎಂದು ಒಟ್ಟು 9. ಐವರು ಒಂದು ತಂಡ ಕಟ್ಟಿಕೊಂಡು ಗುಹೆಗಳನ್ನು ಹೊಕ್ಕು ರಕ್ಕಸರೊಡನೆ ಕಾದುತ್ತಾರೆ. ಒಬ್ಬನು ಮುಂದೆ ನಿಂತು ಏಟನ್ನೆಲ್ಲ ತಾನೇ ತಿನ್ನುತ್ತಾನೆ, ಮೂವರು ಹೊಡೆಯುತ್ತಾರೆ, ಒಬ್ಬನು ಹಿಂದೆ ನಿಂತು ಗಾಯಗಳನ್ನು ಮಾಯಿಸುತ್ತಾನೆ. ಹಾಗೆ ಮಾಯಿಸುವವರಲ್ಲಿ ಮುಖ್ಯನಾದವನು ಪೂಜಾರಿ. ನಾನು ಓದಿದ ಕೈಪಿಡಿ ಅವನದು.

ಮೊದಲು ಗುಣಗಳನ್ನು ಹೇಳುತ್ತೇನೆ. ತೆರೆದೊಡನೆ, ಇದು ಆಟದ ಯಾವ ಆವೃತ್ತಿಗೆ ಬರೆದದ್ದು, ಕೊನೆಯ ಸಲ ತಿದ್ದಿದ್ದು ಯಾವಾಗ, ಎಷ್ಟು ಪಳಗಿದವರಿಗಾಗಿ ಎಂಬುದನ್ನು ಗ್ರಂಥಕರ್ತ ತಿಳಿಸುತ್ತಾನೆ. ನಮ್ಮ ಪರೀಕ್ಷಾ ಗೈಡುಗಳಲ್ಲಿ ಈ ಪ್ರಾಮಾಣಿಕತೆಯನ್ನು ನಾನು ಕಂಡಿಲ್ಲ. ಹಳೆಯ ಗೈಡಿಗೆ ಹೊಸ ರಟ್ಟು ಹಾಕಿದರೆ ಹೊಸ ಗೈಡಾಯಿತು.

ಎರಡನೆಯದು ಇನ್ನೂ ದೊಡ್ಡ ಗುಣ. ಪೂಜಾರಿಗೆ ಮಂತ್ರಶಕ್ತಿಯ ಒಂದು ಕೊಡವಿದೆಯೆಂದು ಭಾವಿಸಿ. ಪ್ರತಿ ಮಂತ್ರಕ್ಕೂ ಕೊಡದಿಂದ ಒಂದಿಷ್ಟು ಖರ್ಚಾಗುತ್ತದೆ. ಸುಮ್ಮನಿದ್ದರೆ ಕೊಡ ತಾನಾಗಿ ತುಂಬುತ್ತ ಬರುತ್ತದೆ. ಆದರೆ ಮಂತ್ರ ಹಾಕಿದ ಮೇಲೆ 5 ಸೆಕೆಂಡುಗಳ ಕಾಲ ಆ ಸಹಜವಾದ ಒರತೆ ನಿಂತುಹೋಗುತ್ತದೆ. ಆದ್ದರಿಂದ ಚೂರು ಗಾಯಕ್ಕೆಲ್ಲ ಮಂತ್ರ ಹಾಕುವ ಆತುರದ ಪೂಜಾರಿಯ ಕೊಡ ಬೇಗನೆ ಬರಿದಾಗುತ್ತದೆ. ತಡೆದು ನಿಂತು, ಬೇಕಾದಾಗ ಮಾತ್ರ ಹಾಕುವವನ ಕೊಡ ಬಹುಕಾಲ ನಡೆಯುತ್ತದೆ. ಕೈಪಿಡಿ “ಕಾದು ನೋಡು” ಎಂದು ಅಪ್ಪಣೆ ಮಾಡಿ ಸುಮ್ಮನಾಗುವುದಿಲ್ಲ. ಏಕೆ ಕಾಯಬೇಕೆಂಬ ಲೆಕ್ಕವನ್ನು ಬಿಡಿಸಿ ತೋರಿಸುತ್ತದೆ.

ಇದೇ ಜಾಡಿನಲ್ಲಿ ಇನ್ನೊಂದು ವಿಷಯ. ಒಂದೇ ಮಂತ್ರಕ್ಕೆ ಅನೇಕ ಹಂತಗಳಿವೆ. ಮೇಲಿನ ಹಂತವನ್ನು ಕಲಿತವನು ಕೆಳಗಿನದನ್ನು ಮರೆಯಬೇಕೆಂದು ಯಾರಿಗಾದರೂ ತೋರುತ್ತದೆ. ಕೈಪಿಡಿ ಅದಕ್ಕೆ ವಿರುದ್ಧವಾಗಿ ಹೇಳುತ್ತದೆ. ಕೆಳಹಂತದ ಮಂತ್ರಕ್ಕೆ ಖರ್ಚು ಕಡಿಮೆ. ತೊಟ್ಟ ಉಡುಗೆಯಿಂದ ಬರುವ ಹೆಚ್ಚಿನ ಬಲವಾದರೋ ಅದಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ. ಆದ್ದರಿಂದ ಒಳ್ಳೆಯ ಉಡುಗೆಯಿರುವ ಪೂಜಾರಿಗೆ ಹಳೆಯ ಸಣ್ಣ ಮಂತ್ರವೇ ಲಾಭ. ಈ ಒಂದು ಪುಟದಿಂದ ಕೈಪಿಡಿಯ ಬೆಲೆಯನ್ನು ಅಳೆಯಬಹುದೆಂದು ನನಗನ್ನಿಸಿತು. ಮೂಲ ಆಟದಲ್ಲಿ ಮುಂದೆ ನಡೆದದ್ದನ್ನು ನೋಡಿ: 2007ರ ವಿಸ್ತರಣೆಯ ಹೊತ್ತಿಗೆ ಕೆಳಹಂತಕ್ಕೆ ಸಲ್ಲುತ್ತಿದ್ದ ಹೆಚ್ಚಿನ ಬಲವನ್ನು ಕತ್ತರಿಸಿದರು, 2008ರ ವಿಸ್ತರಣೆಯಲ್ಲಿ ಖರ್ಚಿನ ಲೆಕ್ಕವನ್ನೇ ಬದಲಿಸಿದರು, 2010ರಲ್ಲಿ ಹಂತಗಳನ್ನೇ ತೆಗೆದುಹಾಕಿದರು. “ಇಷ್ಟನೆಯ ಹಂತವನ್ನು ಬಳಸು” ಎಂದು ಬಾಯಿಪಾಠ ಮಾಡಿದ್ದವನ ವಿದ್ಯೆ ಅಲ್ಲಿಗೆ ಮುಗಿಯಿತು. ಖರ್ಚಿಗೂ ಫಲಕ್ಕೂ ಇರುವ ಸಂಬಂಧವನ್ನು ಅರಿತವನಾದರೋ ಹೊಸ ನಿಯಮಕ್ಕೆ ಹೊಸ ಲೆಕ್ಕ ಹಾಕಿಕೊಂಡ. ಕಾರಣವನ್ನು ಕಲಿಸಿದ ಕೈಪಿಡಿ ತಾನು ಹಳತಾದ ಮೇಲೂ ಉಪಕಾರಕ್ಕೆ ಬರುತ್ತದೆ.

ಇನ್ನು ದೋಷಗಳು. 60ನೆಯ ಮಟ್ಟಕ್ಕೇರಿದ ಆಟಗಾರನಿಗೆ ತನ್ನ ಪಾತ್ರವನ್ನು ತಿದ್ದಿಕೊಳ್ಳಲು 51 ಅಂಶಗಳು ದೊರೆಯುತ್ತವೆ. ಅವನ್ನು ಮೂರು ಮಾರ್ಗಗಳಲ್ಲಿ ತನಗೆ ಬೇಕಾದಂತೆ ಹಂಚಿಕೊಳ್ಳಬಹುದು. ಪಾತ್ರ ಅವನದೇ ಆಗುವುದು ಇಲ್ಲಿ. ಈ ಸ್ಥಳಕ್ಕೆ ಬಂದೊಡನೆ ಗ್ರಂಥಕರ್ತ ಗುರುವಿನ ಪೀಠದಿಂದಿಳಿದು ಜಮೇದಾರನಾಗುತ್ತಾನೆ. ಹಂಚಿಕೆ ಹೀಗೆಯೇ ಇರಬೇಕು. ಬೇರೆಯಾದರೆ ತಂಡದವರು ನಿನ್ನನ್ನು ಸೇರಿಸಲಾರರು ಎನ್ನುತ್ತಾನೆ. ಲೈಟ್‌ವೆಲ್ ಎಂಬ ಬೆಳಕಿನ ಬಾವಿಯೊಂದನ್ನು ಪೂಜಾರಿ ನಿರ್ಮಿಸಬಹುದು. ಅದನ್ನು ಒಂದೇ ಮಾತಿನಲ್ಲಿ “ನಿಷ್ಪ್ರಯೋಜಕ” ಎಂದು ತಳ್ಳಿಬಿಟ್ಟಿದ್ದಾನೆ. ಕಾರಣವನ್ನು ನನ್ನ ಶಿಷ್ಯನೇ ಹೇಳಬೇಕಾಯಿತು: ಗಾಯಗೊಂಡವರು ತಾವೇ ಬಂದು ಆ ಬಾವಿಯನ್ನು ಮುಟ್ಟಬೇಕು, ಕಾಳಗದ ಗಡಿಬಿಡಿಯಲ್ಲಿ ಬರುವವರಿಲ್ಲ, ಬಂದರೂ ಮತ್ತೆ ಏಟು ಬಿದ್ದರೆ ಫಲ ಕೆಡುತ್ತದೆ. ಸೊಗಸಾದ ಕಾರಣವಲ್ಲವೇ! ಇದನ್ನು ಬರೆದಿದ್ದರೆ, ಸಾವಧಾನವಾಗಿ ಆಡುವ ನಾಲ್ವರು ಗೆಳೆಯರಿರುವವನು, ನಮಗಾದರೆ ಇದು ಉಪಯೋಗವಾದೀತೇನೋ ಎಂದು ಯೋಚಿಸಬಹುದಾಗಿತ್ತು. ಕಾರಣವಿಲ್ಲದ ತೀರ್ಪು ಆ ಯೋಚನೆಯ ಬಾಗಿಲನ್ನೇ ಮುಚ್ಚುತ್ತದೆ.

ಇಷ್ಟನ್ನು ಅಂಚಿನಲ್ಲಿ ಗುರುತುಹಾಕಿ, ನೂರಕ್ಕೆ 65 ಅಂಕ ಬರೆದು ಹಾಳೆಗಳನ್ನು ಹಿಂತಿರುಗಿಸಿದೆ. ಹುಡುಗ ನೋಡಿ ನಕ್ಕ. ಆಮೇಲೆ, ಕುಚೋದ್ಯವೇನೂ ಇಲ್ಲದೆ, “ನಮಗೆ ಕೊಟ್ಟಿದ್ದ ಪ್ಯಾಕೇಜಿಗೆ ಎಷ್ಟು ಕೊಡುತ್ತೀರಿ, ಮೇಷ್ಟ್ರೇ?” ಎಂದು ಕೇಳಿದ.

ಹೊರಗಿನ ವಾಚಕರಿಗೆ ಇದನ್ನು ವಿವರಿಸಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ನಾಡಿನ ಎಲ್ಲ ಶೈಕ್ಷಣಿಕ ಜಿಲ್ಲೆಗಳನ್ನೂ ಸಾಲಾಗಿ ನಿಲ್ಲಿಸಿ ಸ್ಥಾನ ಕೊಡುತ್ತಾರೆ. ಆ ಸಾಲಿನಲ್ಲಿ ಕೆಳಗಿಳಿಯಬಾರದೆಂಬ ಕಾತರದಿಂದ, ಇಲ್ಲಿ ಮಾತ್ರವಲ್ಲ, ರಾಜ್ಯದಲ್ಲೆಲ್ಲ ‘ಪಾಸಿಂಗ್ ಪ್ಯಾಕೇಜ್’ ಎಂಬುದು ಹುಟ್ಟಿಕೊಂಡಿದೆ. ಬಂದೇ ಬರುವ ಪ್ರಶ್ನೆಗಳನ್ನು ಹೆಕ್ಕಿ, ಉತ್ತರಗಳನ್ನು ಕಿರಿದುಮಾಡಿ, ಹಿಂದುಳಿದ ಮಕ್ಕಳಿಗೆ ಕೊನೆಯ ತಿಂಗಳುಗಳಲ್ಲಿ ಉರುಹೊಡೆಸುವುದು ಅದರ ಕ್ರಮ. ಗಣಿತದಲ್ಲಿ ಅಂಥ ಹಾಳೆಗಳನ್ನು ನನ್ನ ಶಾಲೆಗೆ ನಾನೇ ಸಿದ್ಧಪಡಿಸಿದ್ದೇನೆ.

ಒಂದು ವರ್ಷದ ಅನುಭವವನ್ನು ಹೇಳುತ್ತೇನೆ. ಥೇಲ್ಸನ ಪ್ರಮೇಯ ನನ್ನ ಹಾಳೆಯಲ್ಲಿತ್ತು: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ. ತ್ರಿಭುಜಕ್ಕೆ ಎ, ಬಿ, ಸಿ ಎಂದು ಹೆಸರಿಟ್ಟಿದ್ದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ತ್ರಿಭುಜ ಪಿ, ಕ್ಯೂ, ಆರ್ ಎಂದು ಬಂತು. ಶ್ರದ್ಧೆಯ ಹುಡುಗಿಯೊಬ್ಬಳು ಆ ಪುಟವನ್ನು ಬಿಳಿಯಾಗಿ ಬಿಟ್ಟಿದ್ದಳು. ಕೇಳಿದರೆ, “ಇದು ನಮ್ಮ ಪ್ಯಾಕೇಜಿನಲ್ಲಿ ಇರಲಿಲ್ಲ, ಸರ್” ಎಂದಳು. ಮಾರ್ಚಿಯ ಪರೀಕ್ಷೆಯಲ್ಲಿ ಅಕ್ಷರಗಳು ಅವಳಿಗೆ ಅನುಕೂಲವಾಗಿ ಬಂದವು, ಉತ್ತೀರ್ಣಳಾದಳು. ನಾವೆಲ್ಲ ಸಂತೋಷಪಟ್ಟೆವು. ಮರುವರ್ಷ ಪಿ.ಯು.ಸಿ.ಯಲ್ಲಿ ಗಣಿತದ ಮೊದಲ ಮೆಟ್ಟಿಲಲ್ಲೇ ಎಡವಿ ಅವಳು ಕಾಲೇಜು ಬಿಟ್ಟಳೆಂದು ತಿಳಿಯಿತು. ಅವಳು ಎಡವಿದ್ದು ಅವಳ ದಡ್ಡತನದಿಂದಲ್ಲ. ರೇಖೆ ಏಕೆ ಹಾಗೆ ವಿಭಾಗಿಸುತ್ತದೆಂದು ನಾನು ಅವಳಿಗೆ ತಿಳಿಸಿರಲಿಲ್ಲ. ಅಕ್ಷರಗಳನ್ನು ಮಾತ್ರ ಕೊಟ್ಟಿದ್ದೆ.

ಹಾಗೆಂದು ಪ್ಯಾಕೇಜನ್ನು ಸುಟ್ಟುಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ. ಮಳೆಯನ್ನು ನಂಬಿದ ಸೀಮೆ ನಮ್ಮದು. ಸುಗ್ಗಿಯಲ್ಲಿ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ಪಾವಗಡದ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಓದುವ ಪುಸ್ತಕ ಕನ್ನಡ. ಅಂಥಲ್ಲಿ ಹತ್ತನೆಯ ತರಗತಿ ಪಾಸಾದ ಹುಡುಗಿ ಮುಂದೆ ಓದುತ್ತಾಳೆ. ನಪಾಸಾದವಳಿಗೆ ಮದುವೆಯ ಮಾತು ಬರುತ್ತದೆ. ಆ ಹೊಸ್ತಿಲನ್ನು ದಾಟಿಸುವ ಹಲಗೆಯನ್ನು ಕಿತ್ತುಹಾಕಿ, “ಈಜಲು ಕಲಿಯಿರಿ” ಎನ್ನುವುದು ಉಪಾಧ್ಯಾಯನಿಗೆ ಶೋಭಿಸದು. ನನ್ನ ಆಕ್ಷೇಪ ಹಲಗೆಗಲ್ಲ. ಹಲಗೆಯನ್ನೇ ದಾರಿಯೆಂದು ಮಕ್ಕಳನ್ನು ನಂಬಿಸಿದ್ದಕ್ಕೆ.

ಕಡಲೆಕಾಯಿ ಬೆಳೆಯುವ ನಮ್ಮ ರೈತನಿಗೆ “ಹೂ ಬಿಡುವ ಕಾಲಕ್ಕೆ ಜಿಪ್ಸಂ ಹಾಕು” ಎಂದರೆ ಒಂದು ಬಗೆಯ ಸಲಹೆ. ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ತಾನು ಹುದುಗಿರುವ ಮಣ್ಣಿನಿಂದಲೇ ಹೀರಿಕೊಳ್ಳುತ್ತದೆ, ಅದು ಸಾಲದಿದ್ದರೆ ಬೀಜ ಜೊಳ್ಳಾಗುತ್ತದೆ ಎಂದು ಕೂಡಿಸಿದರೆ ಇನ್ನೊಂದು ಬಗೆಯ ಸಲಹೆ. ಎರಡನೆಯದನ್ನು ಕೇಳಿದವನು ಗೊಬ್ಬರವನ್ನು ಎಲ್ಲೆಂದರಲ್ಲಿ ಎರಚದೆ, ಮಣ್ಣಿನಲ್ಲಿ ತೇವವಿದ್ದಾಗ ಗಿಡದ ಬುಡಕ್ಕೆ ಹಾಕುತ್ತಾನೆ. ಕೂಡಿಸಿದ್ದು ಒಂದೇ ವಾಕ್ಯ. ಆ ಒಂದು ವಾಕ್ಯದಿಂದ ರೈತ ತನ್ನ ಹೊಲದ ವಿಷಯದಲ್ಲಿ ಸ್ವತಂತ್ರನಾದ.

ಆದ್ದರಿಂದ ಆಟದ್ದಾಗಲಿ, ಪಾಠದ್ದಾಗಲಿ, ಬೇಸಾಯದ್ದಾಗಲಿ, ಕೈಪಿಡಿಯನ್ನು ಪರೀಕ್ಷಿಸುವವನು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ಅಭಿಪ್ರಾಯ. ಯಾವ ಕಾಲಕ್ಕೆ, ಯಾರಿಗೆ ಬರೆದದ್ದೆಂದು ಅದು ಹೇಳಿದೆಯೇ? ವಿಧಿಯೊಡನೆ ಕಾರಣವನ್ನು ಕೊಟ್ಟಿದೆಯೇ? ಸಂದರ್ಭ ಬದಲಾದಾಗ ತನ್ನನ್ನು ಬಿಟ್ಟು ನಡೆಯುವ ಶಕ್ತಿಯನ್ನು ಓದಿದವನಿಗೆ ಕೊಡುತ್ತದೆಯೇ? ಪೂಜಾರಿಯ ಕೈಪಿಡಿ ಮೊದಲನೆಯದರಲ್ಲಿ ಗೆದ್ದಿತು, ಎರಡನೆಯದರಲ್ಲಿ ಬಹುಮಟ್ಟಿಗೆ ಗೆದ್ದಿತು, ಮೂರನೆಯದರಲ್ಲಿ ಅರ್ಧ ದಾರಿ ನಡೆಯಿತು. ನನ್ನ ಹಾಳೆಗಳು ಮೂರರಲ್ಲಿಯೂ ಸೋತವು. ದೂರದೇಶದ ವಿನೋದಕ್ಕಾಗಿ ಯಾರೋ ಬರೆದ ಪುಸ್ತಕ, ಮಕ್ಕಳ ಬಾಳಿಗೆಂದು ನಾನು ಬರೆದದ್ದಕ್ಕಿಂತ ಓದುಗನ ಬುದ್ಧಿಗೆ ಹೆಚ್ಚು ಮರ್ಯಾದೆ ತೋರಿಸಿತ್ತು. ಆಟಗಳನ್ನು ನಿಷೇಧಿಸುವ ಮಾತಿಗೆ ತೊಡಗುವ ಮೊದಲು ಶಾಲೆಯವರಾದ ನಾವು ಇದನ್ನು ಆಲೋಚಿಸಬೇಕು.

ಹುಡುಗನ ಪ್ರಶ್ನೆಗೆ ಆ ಸಂಜೆ ನಾನು ಅಂಕ ಹೇಳಲಿಲ್ಲ. ಅವನನ್ನು ಪಾವಗಡದ ಬಸ್ಸಿಗೆ ಹತ್ತಿಸಿ ಬಂದು ಹಳೆಯ ಹಾಳೆಗಳನ್ನು ತೆಗೆದು ಕುಳಿತೆ. ಈ ವರ್ಷದ ಹಾಳೆಯಲ್ಲಿ ಪ್ರತಿ ಉತ್ತರದ ಕೆಳಗೂ ‘ಏಕೆಂದರೆ’ ಎಂದು ಆರಂಭವಾಗುವ ಒಂದು ಸಾಲಿದೆ. ತ್ರಿಭುಜವನ್ನು ಮೂರು ಸಲ, ಮೂರು ಬೇರೆ ಹೆಸರುಗಳಿಂದ ಬರೆದಿದ್ದೇನೆ. ಹಾಳೆಗಳು ಹೆಚ್ಚಾದುವೆಂದು ಸಹೋದ್ಯೋಗಿಗಳು ಗೊಣಗಿದರು. ಹೆಚ್ಚಾದದ್ದು ನಾಲ್ಕು ಹಾಳೆ.