ಗಡಸು ನೀರು: ರಸೀದಿ ಇಲ್ಲದ ತೆರಿಗೆ

ನೀರಿನ ಕುರಿತ ನಮ್ಮ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಪ್ರಮಾಣದ ಚರ್ಚೆಯಾಗಿಯೇ ಉಳಿದಿದೆ. ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ, ಯಾವ ದರಕ್ಕೆ ಎಂಬ ಪ್ರಶ್ನೆಗಳಾಚೆ ನಾವು ಹೋಗುವುದು ಅಪರೂಪ. ನಲ್ಲಿಯ ನೀರು ಎಂಥದು ಎಂಬ ಪ್ರಶ್ನೆ ಏಳುವುದು ಗೀಸರ್‌ನ ಕಾಯಿಲ್ ಸುಟ್ಟಾಗ, ವಾಷಿಂಗ್ ಮೆಷಿನ್ ಕೆಟ್ಟು ನಿಂತಾಗ. ಆಗಲೂ ರಿಪೇರಿಯವನಿಗೆ ಹಣ ತೆತ್ತು ಸುಮ್ಮನಾಗುತ್ತೇವೆ. ಈ ವೆಚ್ಚ ಸರ್ಕಾರದ ಯಾವ ಆಯವ್ಯಯದಲ್ಲೂ ಕಾಣಿಸದು. ಆದರೂ ಇದೊಂದು ತೆರಿಗೆಯೇ. ರಸೀದಿ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ನನ್ನ ಹುಟ್ಟೂರಾದ ಬಂಟ್ವಾಳ ತಾಲ್ಲೂಕಿನ ವಾಮದಪದವಿನ ಆಸುಪಾಸಿನಲ್ಲಿ ಬಾವಿ ನೀರು ಕುಡಿದು ಬೆಳೆದವರಿಗೆ ಈ ತೆರಿಗೆಯ ಪರಿಚಯವಿರಲಿಲ್ಲ. ಮುರಕಲ್ಲಿನ ನೆಲದಿಂದ ಸುಣ್ಣದ ಅಂಶವನ್ನು ಮುಂಗಾರು ಯುಗಯುಗಗಳಿಂದ ತೊಳೆದುಕೊಂಡು ಹೋಗಿದೆ. ಹಾಗಾಗಿ ಅಲ್ಲಿನ ತೆರೆದ ಬಾವಿಗಳ ನೀರು ಮೆದು. ಮೈಗೆ ಹಚ್ಚಿದ ಸೋಪಿನ ಜಾರು ಬೇಗ ಬಿಡದು. ಅಲ್ಲಿನ ತೊಂದರೆಯೇ ಬೇರೆ: ತುಸು ಆಮ್ಲೀಯವಾದ ಆ ನೀರು ಲೋಹದ ಕೊಳವೆಯನ್ನು ನಿಧಾನವಾಗಿ ತಿನ್ನುತ್ತದೆ. ಅದೇ ಸೀಮೆಯಿಂದ ಬಂದ ಕುಟುಂಬ ಬೆಂಗಳೂರಿನಲ್ಲಿ ಕೊಳವೆಬಾವಿಯನ್ನೇ ನಂಬಿದ ಬಡಾವಣೆಯಲ್ಲಿ ಮನೆ ಹಿಡಿದರೆ, ಬೇಳೆ ಬೇಯದು, ನೊರೆ ಏಳದು, ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತದೆ. ನಗರದವರು ಇದನ್ನು ‘ಉಪ್ಪು ನೀರು’ ಎನ್ನುತ್ತಾರೆ; ಕಾವೇರಿಯದು ‘ಸಿಹಿ ನೀರು’. ಗಡಸುತನಕ್ಕೆ ಕಾರಣ ಅಡುಗೆಯ ಉಪ್ಪಲ್ಲ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ.

ಇದರಿಂದ ಉಪಕರಣಗಳಿಗೆ ಆಗುವ ಹಾನಿಯನ್ನು ಲೆಕ್ಕದಿಂದಲೇ ತಿಳಿಯಬಹುದು. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ ನೀರನ್ನು ದಿನಕ್ಕೆ 100 ಲೀಟರಿನಂತೆ ಕಾಯಿಸುವ ಮನೆಯ ಗೀಸರ್ ಮೂಲಕ ವರ್ಷಕ್ಕೆ 14 ಕಿಲೋಗೂ ಹೆಚ್ಚು ಸುಣ್ಣದ ಲವಣ ಹಾದುಹೋಗುತ್ತದೆ. ನೀರು ಬಿಸಿಯೇರಿದಂತೆ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಗಸಿಯಾಗಿ ಕೂರುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಹೀಗೆ ಉಳಿದರೂ ಮುಕ್ಕಾಲು ಕಿಲೋ ಸಮೀಪಿಸುತ್ತದೆ. ಈ ಪದರ ಶಾಖವನ್ನು ಸುಲಭವಾಗಿ ಹಾಯಗೊಡದು; ಒಳಗಿನ ಕಾಯಿಲ್ ಅತಿಯಾಗಿ ಕಾದು ಅಕಾಲದಲ್ಲಿ ಸುಡುತ್ತದೆ. ತಾಮ್ರದ ಸಣ್ಣ ಕೊಳವೆಗಳುಳ್ಳ ಸೋಲಾರ್ ಹೀಟರ್‌ಗಳಲ್ಲಿ ಹರಿವೇ ಕಟ್ಟಿಕೊಳ್ಳುತ್ತದೆ. ಅನೇಕ ಖಾತರಿ ಪತ್ರಗಳು ಗಡಸು ನೀರಿನಿಂದಾದ ಹಾನಿಯನ್ನು ಸಣ್ಣಕ್ಷರಗಳಲ್ಲಿ ಹೊರಗಿಟ್ಟಿರುತ್ತವೆ ಎಂಬುದು ಗ್ರಾಹಕನಿಗೆ ತಿಳಿಯುವುದು ಆಮೇಲೆ.

ಮನೆಮಟ್ಟದ ಪರಿಹಾರಗಳಿಗೂ ಮಿತಿಗಳಿವೆ. ಅಡುಗೆಮನೆಯ ಆರ್‌ಒ ಯಂತ್ರ ಕುಡಿಯುವ ನಾಲ್ಕು ಕೊಡ ನೀರನ್ನಷ್ಟೇ ಶೋಧಿಸುತ್ತದೆ, ಜೊತೆಗೆ ಬಹಳಷ್ಟು ನೀರನ್ನು ಚೆಲ್ಲುತ್ತದೆ. ಬಚ್ಚಲಿನ ಗೀಸರ್‌ಗೆ ಅದರಿಂದ ಪ್ರಯೋಜನವಿಲ್ಲ. ಇಡೀ ಕಟ್ಟಡಕ್ಕೆ ಸಾಫ್ಟನರ್ ಹಾಕಿಸಿದರೆ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬರುತ್ತದೆ. ಯಂತ್ರ ತೊಳೆದ ಉಪ್ಪಿನ ನೀರು ಚರಂಡಿ ಸೇರುತ್ತದೆ. ಉಳ್ಳವರು ಇದನ್ನು ಹಾಕಿಸಿಕೊಳ್ಳುತ್ತಾರೆ. ಬಾಡಿಗೆ ಮನೆಯವರಿಗೆ ಆ ಆಯ್ಕೆಯೂ ಇಲ್ಲ. ಬಡವರ ಮೇಲೆ ಹೆಚ್ಚು ಭಾರ ಹೇರುವುದು ಕೆಟ್ಟ ತೆರಿಗೆಯ ಮೊದಲ ಲಕ್ಷಣವೆಂದು ಅರ್ಥಶಾಸ್ತ್ರ ಹೇಳುತ್ತದೆ.

ಕೊಳ್ಳುವವನಿಗೆ ಮಾಹಿತಿ ಇಲ್ಲದಿರುವುದು ಇಲ್ಲಿನ ಮೂಲ ದೋಷವೆಂಬುದು ನನ್ನ ಅಭಿಪ್ರಾಯ. ಗುಣಮಟ್ಟ ಮಾರುವವನಿಗೆ ಮಾತ್ರ ಗೊತ್ತಿರುವ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂದು ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ನಮ್ಮ ಟ್ಯಾಂಕರ್ ವ್ಯಾಪಾರ ಅಂಥದೇ. 2024ರ ಮಾರ್ಚ್‌ನಲ್ಲಿ, ಬೆಂಗಳೂರಿನ ಕೊಳವೆಬಾವಿಗಳು ಸಾವಿರಾರು ಸಂಖ್ಯೆಯಲ್ಲಿ ಬತ್ತಿದಾಗ, ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿಪಡಿಸಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ದರಕ್ಕೆ ಆಧಾರವಾದದ್ದು ಪ್ರಮಾಣ ಮತ್ತು ದೂರ. ನೀರಿನ ಗುಣ ಆ ಲೆಕ್ಕದೊಳಗೆ ಬರಲಿಲ್ಲ.

ಮಾನದಂಡದ ಕೊರತೆ ನಮಗಿಲ್ಲ. ಭಾರತೀಯ ಮಾನಕ ಬ್ಯೂರೊದ 2012ರ ಮಾನದಂಡದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವಿಲ್ಲದಾಗ ಮಾತ್ರ 600ರವರೆಗೆ ಸಲ್ಲುತ್ತದೆ. ಈ ವಿನಾಯಿತಿಯೇ ಅನೇಕ ಬಡಾವಣೆಗಳಲ್ಲಿ ನಿಯಮವಾಗಿಬಿಟ್ಟಿದೆ. ಗಡಸು ನೀರು ಆರೋಗ್ಯಕ್ಕೆ ನೇರವಾಗಿ ಮಾರಕವಲ್ಲವಾದ್ದರಿಂದ ಆಡಳಿತಕ್ಕೂ ಅವಸರವಿಲ್ಲ. ವಿಚಿತ್ರವೆಂದರೆ, 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಗಳಲ್ಲಿ ತಲಾ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ನೀಡುವ ಏರ್ಪಾಡು ಮಾಡಿತು. ಕೋಟಿ ಬೆಲೆಯ ಫ್ಲ್ಯಾಟಿನ ಒಡೆಯನಿಗೆ ಅಂಥ ಸೌಲಭ್ಯವಿಲ್ಲ.

2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಕಾವೇರಿ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅದು ಉದ್ದೇಶಿತ. ಸ್ವಾಗತಾರ್ಹ. ಆದರೆ ಸಂಪಿನಲ್ಲಿ ಕಾವೇರಿಯೊಡನೆ ಕೊಳವೆಬಾವಿಯ ನೀರು ಬೆರೆಯುವವರೆಗೂ ಸಮಸ್ಯೆ ಪೂರ್ತಿ ನೀಗದು. ಆದುದರಿಂದ ಮೂರು ಕ್ರಮಗಳು ಅಗತ್ಯ. ನೀರಿನ ಬಿಲ್ಲಿನಲ್ಲಿ ಆ ಪ್ರದೇಶದ ಗಡಸುತನದ ಅಂಕಿಯನ್ನು ಮುದ್ರಿಸಬೇಕು. ಟ್ಯಾಂಕರ್‌ಗಳ ನೋಂದಣಿಗೆ ಪರೀಕ್ಷಾ ವರದಿ ಕಡ್ಡಾಯವಾಗಬೇಕು. 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ ಕಡ್ಡಾಯವಾದ ಮಳೆನೀರು ಸಂಗ್ರಹವನ್ನು ಇಂಗುಗುಂಡಿಗಷ್ಟೇ ಸೀಮಿತಗೊಳಿಸದೆ ಬಳಕೆಗೂ ತಿರುಗಿಸಬೇಕು; ಸ್ವಭಾವತಃ ಮೆದುವಾದ ನೀರು ಮಳೆಯದೇ.

ಕರಾವಳಿಗೂ ಇದರಲ್ಲಿ ಎಚ್ಚರಿಕೆಯಿದೆ. ಅಲ್ಲಿಯೂ ತೆರೆದ ಬಾವಿಯನ್ನು ಕಡೆಗಣಿಸಿ ಕಲ್ಲಿನ ಆಳಕ್ಕೆ ಕೊಳವೆ ಇಳಿಸುವ ಚಾಳಿ ಬೆಳೆದಿದೆ. ಆಳಕ್ಕಿಳಿದಷ್ಟೂ ನೀರು ಬಂಡೆಯ ಲವಣಗಳನ್ನು ಕರಗಿಸಿಕೊಳ್ಳಲು ಹೆಚ್ಚು ಕಾಲ ಪಡೆಯುತ್ತದೆ. ಮುರಕಲ್ಲಿನ ಬಾವಿಯನ್ನು ಮುಚ್ಚುವ ಮೊದಲು ಎರಡೂ ನೀರನ್ನು ಪರೀಕ್ಷಿಸಿ ನೋಡುವುದು ಲೇಸು.