ಕಾವಲು ನಾಯಿ ತರುವ ಮುನ್ನ ನಿಮ್ಮನ್ನು ಕೇಳಿದ್ರಾ?

2025ರ ಡಿಸೆಂಬರ್ ಮೊದಲ ವಾರ ದಾವಣಗೆರೆ ತಾಲ್ಲೂಕಿನಲ್ಲಿ ನಡೆದ ಘಟನೆ ನಿಮಗೂ ನೆನಪಿರಬಹುದು. ರಾತ್ರಿ ಹೊತ್ತು ದಾರಿಯಲ್ಲಿ ಹೊರಟಿದ್ದ ಮಹಿಳೆಯೊಬ್ಬರ ಮೇಲೆ ಎರಡು ರಾಟ್‌ವೀಲರ್ ನಾಯಿಗಳು ಎರಗಿದವು. ಅವರು ಉಳಿಯಲಿಲ್ಲ. ಯಾರೋ ಸಾಕಿ, ಬೇಡವಾದ ಮೇಲೆ ತಂದು ಬಿಟ್ಟು ಹೋದ ನಾಯಿಗಳವು ಎಂದು ಪತ್ರಿಕೆಗಳು ಬರೆದವು. ಅಂದ್ರೆ ಒಂದು ಕಾಲಕ್ಕೆ ಅವೂ ಯಾರದೋ ಮನೆಯ ಮುದ್ದಿನ ಮರಿಗಳೇ!

ಈ ಸುದ್ದಿ ಬಂದಾಗ ಬಹಳ ಜನ "ಅಂಥ ಜಾತಿ ನಾಯಿನೇ ನಿಷೇಧ ಮಾಡ್ಬೇಕು" ಅಂದರು. ನಮ್ಮ ಬೀದಿಯ ಗೆಳತಿ ಮಾತ್ರ ಬೇರೆಯದನ್ನೇ ಕೇಳಿದಳು. "ಅಕ್ಕಾ, ನಮ್ಮನೆಯವ್ರು ಒಂದು ಕ್ರಾಸ್ ಮರಿ ತರ್ತೀನಿ ಅಂತ ಹಟ ಹಿಡಿದಾರೆ. ದೊಡ್ಡದಾದ್ರೆ ಕಾವಲಿಗೂ ಆಗುತ್ತೆ, ಮಕ್ಕಳಿಗೂ ಆಟಕ್ಕಾಗುತ್ತೆ ಅಂತಾರೆ. ತರಾದಾ, ಬ್ಯಾಡ್ವಾ?" ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡ ಎಷ್ಟೋ ಗೃಹಿಣಿಯರ ಪ್ರಶ್ನೆ ಇದು. ಅಕ್ಕಪಕ್ಕ ಖಾಲಿ ಸೈಟು, ಹಗಲೆಲ್ಲ ಒಬ್ಬರೇ, ಸರಗಳ್ಳರ ಭಯ ಬೇರೆ. ನಾಯಿ ಇದ್ದರೆ ಧೈರ್ಯ ಅನ್ನಿಸೋದು ಸಹಜ ತಾನೇ?

ನಿಷೇಧ ಬಂತು, ಹೋಯ್ತು

ಮೊದಲು ಕಾನೂನಿನ ವಿಷಯ ನೋಡೋಣ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಮ್ಯಾಸ್ಟಿಫ್ ಸೇರಿದಂತೆ 23 ತಳಿಗಳ ಆಮದು, ಸಂತಾನಾಭಿವೃದ್ಧಿ, ಮಾರಾಟ ನಿಲ್ಲಿಸಬೇಕು, ಈಗಾಗಲೇ ಸಾಕಿರುವವರು ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂದಿತ್ತು. ಅವುಗಳ ಮಿಶ್ರತಳಿಗೂ, ಅಂದ್ರೆ ನಾವು ಹೇಳುವ ಕ್ರಾಸ್ ನಾಯಿಗಳಿಗೂ ಇದು ಅನ್ವಯ ಎಂದಿತ್ತು. ಮರುತಿಂಗಳು, ಏಪ್ರಿಲ್ 10ರಂದು, ನಮ್ಮ ಕರ್ನಾಟಕ ಹೈಕೋರ್ಟ್ ಈ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೀಗೆ ಮಾಡುವಂತಿಲ್ಲ, ಬೇಕಿದ್ದರೆ ಕ್ರಮಬದ್ಧವಾಗಿ ಹೊಸದಾಗಿ ಮಾಡಿ ಎಂದಿತು. ಸಾಕಿದ ನಾಯಿ ಮಾಡುವ ಅನಾಹುತಕ್ಕೆ ಮಾಲೀಕರೇ ಹೊಣೆ ಎಂಬುದನ್ನೂ ಒತ್ತಿ ಹೇಳಿತು.

ಸುತ್ತೋಲೆ ಹೋಯ್ತು, ಹೊಣೆ ಉಳೀತು. ಆದರೆ ಆ ಹೊಣೆ ಹೊರೋರು ಯಾರು? ಇದನ್ನು ಯಾರೂ ಮಾತಾಡೋದೇ ಇಲ್ಲ.

ತರೋರು ಒಬ್ಬರು, ನೋಡಿಕೊಳ್ಳೋರು ಇನ್ನೊಬ್ಬರು

2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯದೇ ಪಿಟ್‌ಬುಲ್ ಕಚ್ಚಿ ತೀರಿಕೊಂಡರು. ನಾಯಿ ಸಾಕಿದ್ದು ಮಗ. ಅದರ ಜೊತೆ ಮನೆಯಲ್ಲಿ ಒಂಟಿಯಾಗಿ ಇದ್ದದ್ದು ತಾಯಿ.

ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಮರಿ ಬೇಕು ಅಂತ ಆಸೆ ಪಡೋರು ಮಕ್ಕಳು, ತರೋರು ಯಜಮಾನರು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟ ಮೇಲೆ ಅದರ ಜೊತೆ ಉಳಿಯೋದು ನಾವು. ಹಾಲಿನವನು, ಗ್ಯಾಸಿನವನು, ಕೊರಿಯರ್ ಹುಡುಗ, ಮನೆಗೆಲಸದವಳು, ಪಕ್ಕದ ಮನೆ ಮಗು, ಹೀಗೆ ದಿನಕ್ಕೆ ಹತ್ತು ಸಲ ಗೇಟು ತೆಗೆಯೋದೂ ನಾವೇ. 35 ಕೆ.ಜಿ. ತೂಗುವ ನಾಯಿ ಸರಪಳಿ ಜಗ್ಗಿದರೆ ನಿಮ್ಮ ಕೈಯಲ್ಲಿ ನಿಲ್ಲುತ್ತಾ? ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕ್ರಾಸ್ ಮರಿಯ ಗುಟ್ಟು

"ಅಪ್ಪ ಜರ್ಮನ್ ಶೆಫರ್ಡ್, ಅಮ್ಮ ನಾಟಿ. ಹಾಗಾಗಿ ಸಾಧು" ಅಂತ ಮಾರುವವರು ಹೇಳ್ತಾರೆ. ನಂಬಬೇಡಿ. ಹಾಗಂತ "ರಾಟ್‌ವೀಲರ್ ಕ್ರಾಸ್, ಕಚ್ಚೇ ಕಚ್ಚುತ್ತೆ" ಅನ್ನೋದನ್ನೂ ನಂಬಬೇಕಿಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರ ಅಧ್ಯಯನವೊಂದು ಪ್ರಕಟವಾಯಿತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ನೋಡಿದ್ದರು. ನಾಯಿ ನಾಯಿಯ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ ಎಂದು ಅವರು ಕಂಡುಕೊಂಡರು. ಉಳಿದದ್ದರಲ್ಲಿ ಅದರ ಸ್ವಂತ ಗುಣ, ಬೆಳೆಸಿದ ರೀತಿ, ಕಟ್ಟಿದ ಜಾಗ ಎಲ್ಲವೂ ಬರುತ್ತವೆ. ಆದರೆ ಸ್ವಭಾವ ಹೇಗೇ ಇರಲಿ, ದೊಡ್ಡ ನಾಯಿಯ ದವಡೆ ದೊಡ್ಡದೇ. ಪುಟ್ಟ ಪಮೇರಿಯನ್ ಸಿಟ್ಟಾದರೂ ಸಾಮಾನ್ಯವಾಗಿ ಗಾಯ ಸಣ್ಣದು. ದೊಡ್ಡದು ಸಿಟ್ಟಾದರೆ ಆಸ್ಪತ್ರೆಯೇ ಗತಿ.

ಇನ್ನೊಂದು ಮಾತು. ಕಾವಲು ತಳಿಯ ಮರಿ ಮೊದಲ ವರ್ಷ ಎಲ್ಲರ ಹತ್ತಿರವೂ ಹೋಗುತ್ತೆ, ಬಂದವರ ಕಾಲು ನೆಕ್ಕುತ್ತೆ. "ಇದೇನ್ರೀ, ಕಳ್ಳ ಬಂದ್ರೂ ಬಾಲ ಅಲ್ಲಾಡಿಸುತ್ತೆ" ಅಂತ ನಾವು ನಗ್ತೀವಿ. ಒಂದೂವರೆ-ಎರಡು ವರ್ಷ ತುಂಬಿ ಅದು ಪ್ರಾಯಕ್ಕೆ ಬಂದಾಗ ಕಾಯುವ ಗುಣ ಎದ್ದು ಕಾಣುತ್ತೆ. ನಿನ್ನೆವರೆಗೆ ಮುದ್ದಾಡಿಸಿಕೊಂಡ ಸೋದರಮಾವನನ್ನೇ ಗೇಟಿನಲ್ಲಿ ತಡೆದು ನಿಲ್ಲಿಸಬಹುದು! ಬಹಳ ಮನೆಯವರು ಕಂಗಾಲಾಗೋದು ಈ ಹಂತದಲ್ಲೇ. ಆಮೇಲೆ ಕಟ್ಟಿ ಹಾಕೋದು, ಹೊಡೆಯೋದು, ಕೊನೆಗೆ ಊರಾಚೆ ಬಿಟ್ಟು ಬರೋದು.

ಸೊಕ್ಕೆಯ ಕುರಿ ನಾಯಿ

ಊರಾಚೆ ಬಿಡೋದು ಅಂದಾಗ ನನಗೆ ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯ ಕುರಿಗಾಹಿಗಳು ನೆನಪಾಗ್ತಾರೆ. ಮಳೆ ಕಮ್ಮಿ ಇರುವ ಸೀಮೆ ಅದು. ಕುರಿ ಸಾಕಿ ಬದುಕೋರು ಅಲ್ಲಿ ಬಹಳ. ರಾತ್ರಿ ಹೊಲದಲ್ಲಿ ಕುರಿ ರೊಪ್ಪ ಹಾಕಿದರೆ ಕಾವಲಿಗೆ ನಾಯಿ ಇರಲೇಬೇಕು. ನಾಟಿ ನಾಯಿಯೋ, ಯಾವುದೋ ಬೇಟೆ ನಾಯಿಯ ಬೆರಕೆಯೋ, ಜಾತಿ ಯಾರೂ ಕೇಳೋಲ್ಲ.

ಆ ನಾಯಿಗಳೂ ಜೋರು. ರೊಪ್ಪದ ಹತ್ತಿರ ಹೋಗೋರು ದೂರದಿಂದಲೇ "ನಾಯಿ ಹಿಡ್ಕಳ್ರಪ್ಪೋ" ಅಂತ ಕೂಗಿಯೇ ಮುಂದೆ ಕಾಲಿಡಬೇಕು. ಆದರೂ ಅಲ್ಲಿ ಒಂದು ವ್ಯವಸ್ಥೆ ಇದೆ. ಮರಿಯಿಂದಲೇ ಕುರಿ, ಮಕ್ಕಳು, ಜನರ ನಡುವೆ ಬೆಳೆಯುತ್ತೆ. ದಿನಾ ಮೈಲಿಗಟ್ಟಲೆ ನಡೆಯುತ್ತೆ. ಮುಖ್ಯವಾಗಿ ಸಾಕಿದವನು ಹಗಲೂ ರಾತ್ರಿ ಜೊತೆಗೇ ಇರ್ತಾನೆ. ಯಾರು ತನ್ನವರು, ಯಾರು ಹೊರಗಿನವರು ಅಂತ ಅವನ ದನಿ ಕೇಳಿಯೇ ಅದಕ್ಕೆ ಗೊತ್ತಾಗುತ್ತೆ.

ನಮ್ಮ ಮೂವತ್ತು-ನಲವತ್ತು ಸೈಟಿನ ಮನೆಯಲ್ಲಿ ಇದೇ ನಾಯಿಯನ್ನು ಕಾರಿನ ಪಕ್ಕ ಮೂರಡಿ ಸರಪಳಿಗೆ ಕಟ್ಟಿದರೆ? ನಡಿಗೆ ಇಲ್ಲ, ಕೆಲಸ ಇಲ್ಲ, ಹೊರಗಿನ ಮುಖ ಕಂಡು ಗೊತ್ತಿಲ್ಲ. ಗೇಟಿನ ಆಚೆ ಹೋಗೋರೆಲ್ಲ ಅದಕ್ಕೆ ಕಳ್ಳರೇ! ಸದಾ ಕಟ್ಟಿದ ನಾಯಿ ಹೆದರುತ್ತೆ, ರೇಗುತ್ತೆ. ಅದು ಬಿಚ್ಚಿಕೊಂಡ ದಿನ ಎದುರಿಗೆ ಸಿಗೋದು ಕಳ್ಳನೇ ಆಗಿರಬೇಕು ಅಂತೇನಿಲ್ಲ. 2024ರ ಮೇ ತಿಂಗಳಲ್ಲಿ ಚೆನ್ನೈನ ಉದ್ಯಾನವೊಂದರಲ್ಲಿ ಎರಡು ರಾಟ್‌ವೀಲರ್‌ಗಳ ಬಾಯಿಗೆ ಸಿಕ್ಕಿದ್ದು ಐದು ವರ್ಷದ ಹೆಣ್ಣುಮಗು.

ಗೇಟಿನ ಬೋರ್ಡು ಕಾಪಾಡೋಲ್ಲ

"ನಾಯಿ ಇದೆ ಎಚ್ಚರಿಕೆ" ಅಂತ ಬೋರ್ಡು ಹಾಕಿದರೆ ಜವಾಬ್ದಾರಿ ಮುಗೀತು ಅಂದುಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಜೀವ ಹೋದರೆ ಇನ್ನೂ ದೊಡ್ಡ ಕೇಸು. ಆದರೆ ನಾಯಿಯನ್ನು ಅನಾಥವಾಗಿ ಬಿಟ್ಟು ಹೋದವರಿಗೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡ. ಹೌದು, ಬರೀ ಐವತ್ತು ರೂಪಾಯಿ! ಯಾವ ತಳಿ ನಿಷೇಧಿಸಬೇಕು ಅಂತ ಚರ್ಚೆ ಮಾಡೋ ನಮ್ಮ ನಾಯಕರು ಮೊದಲು ತಿದ್ದಬೇಕಾದದ್ದು ಇದನ್ನು.

ಹಾಗಾದರೆ ಗೆಳತಿಗೆ ಏನು ಹೇಳಲಿ?

ಅವಳಿಗೆ ಒಂದು ಪ್ರಶ್ನೆ ಹಾಕಿದೆ. "ಕಳ್ಳನನ್ನು ಕಚ್ಚೋ ನಾಯಿ ಬೇಕಾ, ಕಳ್ಳ ಬಂದ ಅಂತ ಎಬ್ಬಿಸೋ ನಾಯಿ ಬೇಕಾ?" ಎಬ್ಬಿಸೋಕೆ ಒಂದು ಚುರುಕಾದ ನಾಟಿ ಮರಿ ಸಾಕು. ನಮ್ಮ ಹವೆಗೆ ಒಗ್ಗಿದ್ದು, ಖರ್ಚು ಕಮ್ಮಿ, ತೂಕವೂ ನಮ್ಮ ಕೈಯಳತೆಯದು. ಇಲ್ಲ, ದೊಡ್ಡದೇ ಬೇಕು, ಜಾಗ ಇದೆ, ಸಮಯ ಇದೆ, ಎಲ್ಲರೂ ಕೈಜೋಡಿಸ್ತಾರೆ ಅಂದ್ರೆ ಧಾರಾಳವಾಗಿ ಸಾಕಿ. ಚೆನ್ನಾಗಿ ಬೆಳೆಸಿದ ದೊಡ್ಡ ನಾಯಿಯಂಥ ಜೊತೆ ಇನ್ನೊಂದಿಲ್ಲ. ಆದರೆ ಹತ್ತು-ಹನ್ನೆರಡು ವರ್ಷದ ಮಾತು ಅದು. ಹಗಲು ಅದರ ಜೊತೆ ಇರೋರು 'ಹೂಂ' ಅನ್ನದೆ ಮರಿ ಹೊಸ್ತಿಲು ದಾಟಬಾರದು.

ಇವು ನೆನಪಿರಲಿ:

• ಮರಿಯನ್ನು ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಅಗಲಿಸಬೇಡಿ. ಮೂರೂವರೆ ತಿಂಗಳೊಳಗೆ ಬೇರೆ ಬೇರೆ ಜನ, ಮಕ್ಕಳು, ಸದ್ದುಗಳ ಪರಿಚಯ ಮಾಡಿಸಿ.

• ಮೂರು ತಿಂಗಳಿಗೆ ರೇಬಿಸ್ ಲಸಿಕೆ, ನಂತರ ವೈದ್ಯರು ಹೇಳಿದಂತೆ ಬೂಸ್ಟರ್ ಹಾಗೂ ಪ್ರತಿ ವರ್ಷ. ಪುಸ್ತಕ ಜೋಪಾನ ಮಾಡಿ. ಪಾಲಿಕೆಯಲ್ಲಿ ನೋಂದಣಿ ನಿಯಮ ವಿಚಾರಿಸಿ.

• ಕೂರು, ನಿಲ್ಲು, ಬಿಡು ಎಂಬ ಮಾತು ಮನೆಯ ಪ್ರತಿಯೊಬ್ಬರ ಬಾಯಿಂದಲೂ ಅದು ಕೇಳಬೇಕು, ನಿಮ್ಮಿಂದ ಮೊದಲು.

• ಎಷ್ಟೇ ಸಾಧುವಾದರೂ ಪುಟ್ಟ ಮಕ್ಕಳ ಜೊತೆ ಅದೊಂದನ್ನೇ ಬಿಡಬೇಡಿ. ಉಣ್ಣುವಾಗ, ಮಲಗಿದಾಗ ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಿ.

• "ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆ ನಂಬಬೇಡಿ. ಮೈ ಸೆಟೆಸಿ, ಕಣ್ಣು ಕೀಲಿಸಿ, ಸುಮ್ಮನೆ ನಿಂತ ನಾಯಿಗೆ ಇನ್ನೂ ಹೆಚ್ಚು ಎಚ್ಚರ ಬೇಕು.

• ಕಚ್ಚಿದರೆ ಅರಿಶಿನ, ಸುಣ್ಣ, ಕಾರದಪುಡಿ ಹಚ್ಚಬೇಡಿ. ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಒಂದೂ ತಪ್ಪಿಸಬೇಡಿ. ಮನೆಯದೇ ನಾಯಿ ಆದರೂ ಅಷ್ಟೇ.

• ಸಾಕಲು ಆಗದಿದ್ದರೆ ಪಶುವೈದ್ಯರ ಹತ್ತಿರ, ಪ್ರಾಣಿದಯಾ ಸಂಘದ ಹತ್ತಿರ ಬಾಯಿಬಿಟ್ಟು ಹೇಳಿ, ಬೇರೆ ಮನೆ ಹುಡುಕಿ. ರಾತ್ರಿ ಯಾವುದೋ ಹಳ್ಳಿ ದಾರಿಯಲ್ಲಿ ಬಿಟ್ಟು ಬರಬೇಡಿ. ಆ ದಾರಿಯಲ್ಲಿ ಯಾರದೋ ಮನೆಯ ಹೆಣ್ಣುಮಗಳು ನಡೆದು ಬರ್ತಿರ್ತಾಳೆ.